ಮೊಹಾಪಿಯ ಹೆಸರಿನ ಕಡತ

ಪರದೆಯ ಮೂಲೆಯಲ್ಲಿ ಹಸಿರು ಟಿಕ್ಕು ಬಿತ್ತು, ಅಂದರೆ ಈ ಪುಟ ಸರಿಯಾಗಿದೆ, ಮುಂದಿನದು, ಅದಕ್ಕೂ ಟಿಕ್ಕು, ಮುಂದಿನದು ಯಾರದೋ ಎದೆಯ ಎಕ್ಸ್‌ರೇ ಚೀಟಿ, ಇಲಿ ಕಡಿದ ಅಂಚು ಕೂಡ ಸ್ಕ್ಯಾನಿನಲ್ಲಿ ಎಷ್ಟು ಚೆನ್ನಾಗಿ ಮೂಡಿದೆ, ಟಿಕ್ಕು — ಬೆರಳು ತನ್ನಷ್ಟಕ್ಕೆ ಕೆಲಸ ಮಾಡುತ್ತಿದೆ, ಲಿಪುವೋ ಬೇರೆಲ್ಲೋ ಇದ್ದಾಳೆ, ಗಡಿಯಾಚೆ ಲೆಸೊಥೊದ ಬೆಟ್ಟದ ಮೇಲೆ, ಕಲ್ಲಿಲ್ಲದ ಒಂದು ಮಣ್ಣಿನ ಗುಡ್ಡೆಯ ಹತ್ತಿರ, ಶನಿವಾರ ಅಲ್ಲಿ ಮನೆಯವರೆಲ್ಲ ಸೇರುತ್ತಾರೆ, ಅಪ್ಪನ ಗೋರಿಗೆ ಕಲ್ಲು ನಿಲ್ಲಿಸುವುದೋ ಬೇಡವೋ ಎಂದು ಹನ್ನೊಂದು ವರ್ಷದ ಮೇಲೆ ಮತ್ತೊಮ್ಮೆ ಮಾತಾಡುತ್ತಾರೆ, ಅಜ್ಜಿ ಮತ್ತೆ ಅದನ್ನೇ ಹೇಳುತ್ತಾಳೆ, ಎದೆ ಇಲ್ದೆ ಮಲಗಿದಾನೆ ನನ್ನ ಮಗ, ಅವನ ಮೇಲೆ ಕಲ್ಲು ಬೇರೆ ಹೇರ್ತೀರಾ, ತಗೊಂಡ್ಹೋದ್ದನ್ನ ಮೊದ್ಲು ತಂದಿಡಿ, ಆಮೇಲೆ ಅಮ್ಮನ ಕಡೆ ತಿರುಗಿ, ಹೆಬ್ಬೆಟ್ಟು ಒತ್ತಿದವಳನ್ನ ಕೇಳಿ, ಗಂಡನ ಉಸಿರು ಎಲ್ಲಿಗೆ ಕಳಿಸಿದಳು ಅಂತ. ಅಮ್ಮ ಹೊದ್ದ ಕಂಬಳಿಯ ತುದಿ ಸರಿಮಾಡಿಕೊಳ್ಳುತ್ತಾಳೆ. ಗಣಿಯಲ್ಲಿ ದುಡಿದವನು ಸತ್ತರೆ ಪುಪ್ಪುಸ ತೆಗೆದು ನಗರದ ವೈದ್ಯರಿಗೆ ಕಳಿಸುತ್ತಾರೆ, ಯಾವುದರಿಂದ ಸತ್ತ ಎಂದು ತಿಳಿಯಲಿಕ್ಕೆ, ಇದನ್ನು ಅಮ್ಮನಿಗೆ ಆ ದಿನ ಯಾರೂ ಬಿಡಿಸಿ ಹೇಳಲಿಲ್ಲ — ಯಾರೂ ಅಂದರೆ — ಬೇಡ, ಟಿಕ್ಕು, ಮುಂದಿನ ಪುಟ. ಶವಾಗಾರದ ಬಾಗಿಲಲ್ಲಿ ಒಂದು ಬಕೆಟ್ಟಿತ್ತು, ಬಿಳಿಯದು, ಗೋಡೆಗೆ ಬಳಿಯುವ ಬಣ್ಣ ತುಂಬಿ ಬರುತ್ತದಲ್ಲ ಅಂಥದು, ತಂತಿಯ ಹಿಡಿ, ಅದರ ಮುಚ್ಚಳ ಒಂದು ಕಡೆ ಸರಿಯಾಗಿ ಕೂತಿರಲಿಲ್ಲ, ಸುಣ್ಣ ಇರಬೇಕು ಅಂದುಕೊಂಡಿದ್ದಳು ಹನ್ನೆರಡು ವರ್ಷದ ಲಿಪುವೋ.

ಮುಚ್ಚಿಹೋದ ಗಣಿಯ ಕಾಗದಗಳೆಲ್ಲ ಈಗ ಈ ಪರದೆಯೊಳಗೆ ಇಳಿದಿವೆ, ನಲವತ್ತು ವರ್ಷದ್ದು, ಇಳಿಯುವ ದಾರಿಯೂ ಗಣಿಯದೇ, ಮೊದಲು ಯಾವ ಬಾವಿ, ಬಾವಿಯೊಳಗೆ ಯಾವ ವರ್ಷ, ವರ್ಷದೊಳಗೆ ಆಳಿನ ನಂಬರು, ನಂಬರಿನ ಕೆಳಗೆ ನಾಲ್ಕು ಖಾನೆ, ಸೇರಿದ್ದು, ಕಾಯಿಲೆ, ರಜೆ, ಬಿಟ್ಟಿದ್ದು, ಅಷ್ಟು ಸಣ್ಣದರಲ್ಲಿ ಒಬ್ಬ ಮನುಷ್ಯ ಮುಗಿಯುತ್ತಾನೆ. ಪುಟಗಳು ಸರಿಯಾದ ಖಾನೆಯಲ್ಲಿ ಕೂತಿವೆಯೇ ಎಂದು ನೋಡಿ ಟಿಕ್ಕು ಹಾಕುವುದು ಅವಳ ಕೆಲಸ, ಪದವಿ ಮುಗಿಸಿ ಬೇರೆ ಕೆಲಸ ಬಿಟ್ಟು ಇದನ್ನೇ ಹುಡುಕಿಕೊಂಡು ಈ ಊರಿಗೆ ಬಂದವಳು, ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ, ದಿನಚರಿಯಲ್ಲಿ ಮಾತ್ರ ಬರೆದಿದ್ದಳು, ಅಪ್ಪನ ಕಾಗದ ಸಿಕ್ಕರೆ ಅಪ್ಪನ ಎದೆ ಎಲ್ಲಿದೆ ಗೊತ್ತಾಗುತ್ತದೆ, ಗೊತ್ತಾದರೆ ತರಬಹುದು, ತಂದರೆ ಅಮ್ಮ ತಲೆ ಎತ್ತಬಹುದು. ಎಂಟು ತಿಂಗಳು ಹುಡುಕಿದಳು, ಅಪ್ಪನ ಹೆಸರು ತಂಕಿಸೋ, ಆ ಹೆಸರಿನವರು ನೂರಾರು ಜನ ಸಿಕ್ಕರು, ಫೋಟೋದಲ್ಲಿ ಒಬ್ಬನಿಗೂ ಅಪ್ಪನ ಹುಬ್ಬಿನ ಗಾಯವಿರಲಿಲ್ಲ. ಕೊನೆಗೆ ಗುಟ್ಟು ಬಿಡಿಸಿದ್ದು ದಿಸೆಬೋ, ಪ್ರಿಂಟರಿನ ಪಕ್ಕ ಕೂರುವ ಹಿರಿಯಾಕೆ, ಕಾಗದವಾಗಿದ್ದಾಗಿನಿಂದ ಈ ಕಡತಗಳನ್ನು ಬಲ್ಲವಳು, ಲಿಪುವೋ ಯಾರನ್ನು ಹುಡುಕುತ್ತಾಳೆಂದು ಹೇಳದೆಯೇ ಊಹಿಸಿದವಳು, ಏನೇ ಹುಡುಗಿ, ಇನ್ನೂ ಸಿಗ್ಲಿಲ್ವಾ ನಿಮ್ಮಪ್ಪ, ಯಾರ ಕಾಗದದ ಮೇಲೆ ಹೋಗಿದ್ದ ಅಂತ ಕೇಳ್ಬೇಕಲ್ವಾ ಮೊದ್ಲು, ನಮ್ಮ ಗಂಡಸರಲ್ಲಿ ಅರ್ಧ ಜನ ಸತ್ತೋರ ಹೆಸರಲ್ಲಿ ಬಾವಿಗೆ ಇಳಿದೋರು, ನನ್ನ ಗಂಡನೇ ಇಪ್ಪತ್ತು ವರ್ಷ ಅವನ ಚಿಕ್ಕಪ್ಪ ಆಗಿದ್ದ, ರಜೆಗೆ ಬಂದಾಗ ಮಾತ್ರ ನನ್ನ ಗಂಡ. ನಕ್ಕಳು ದಿಸೆಬೋ, ಲಿಪುವೋಗೆ ನಗು ಬರಲಿಲ್ಲ, ಭಾನುವಾರ ಅಮ್ಮನಿಗೆ ಫೋನು ಮಾಡಿದಳು, ಅಪ್ಪನ ಕಾಗದ ಹುಡುಕಿಕೊಡುತ್ತೇನೆ, ಯಾರ ಹೆಸರಲ್ಲಿ ಹೋಗಿದ್ದ ಹೇಳು ಎಂದಳು, ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು, ಆಮೇಲೆ ಪಿಸುಗುಟ್ಟಿದಳು, ಮೊಹಾಪಿ ಅಂತ ನೋಡು ಮಗಳೆ, ನಿಮ್ಮಪ್ಪನ ಅಣ್ಣ, ಗಣಿಗೆ ಹೋಗೋ ಪುಸ್ತಕ ಕೈಗೆ ಬಂದು ತಿಂಗಳಾಗಿರಲಿಲ್ಲ, ಕುರಿ ಹೊಡ್ಕೊಂಡು ಬರ್ತಾ ಸಿಡಿಲು ಬಡೀತು, ನಿಮ್ಮಪ್ಪನಿಗೆ ಆಗ ಹದಿನಾರು, ಅಣ್ಣನ ಪುಸ್ತಕ ತಗೊಂಡು ಅಣ್ಣ ಆಗಿ ಹೋದ, ನಿಮ್ಮಜ್ಜಿ ಎದುರಿಗೆ ಆ ಹೆಸರು ಎತ್ತಬೇಡ.

ಮೊಹಾಪಿ, ಈಗ ಅವಳ ಬೆರಳು ಆ ಹೆಸರನ್ನು ಒತ್ತುತ್ತದೆ, ಪರದೆ ಒಂದು ಕ್ಷಣ ಬೆಳ್ಳಗಾಗುತ್ತದೆ, ಆಮೇಲೆ ಹದಿನಾಲ್ಕು ಜನ, ಎರಡನೆಯ ಬಾವಿ, ಒಂಬತ್ತನೆಯವನು, ತೆರೆದರೆ ಫೋಟೋದಲ್ಲಿ ಹುಬ್ಬಿನ ಮೇಲೆ ಗಾಯವಿರುವ ಹುಡುಗನೊಬ್ಬ ಅಣ್ಣನ ಹತ್ತೊಂಬತ್ತು ತನ್ನದೆಂಬಂತೆ ಎದೆ ಉಬ್ಬಿಸಿ ನಿಂತಿದ್ದಾನೆ, ಅಪ್ಪ, ಇಷ್ಟು ಚಿಕ್ಕವನು, ಅವಳಿಗಿಂತ ಚಿಕ್ಕವನು. ಕಾಯಿಲೆಯ ಖಾನೆಗೆ ಇಳಿ, ಎಕ್ಸ್‌ರೇ ಚೀಟಿ, ಇನ್ನೊಂದು, ಪ್ರತಿ ವರ್ಷದ್ದರಲ್ಲೂ ಅದೇ ಕೈಬರಹ, ಕೆಲಸಕ್ಕೆ ಅಡ್ಡಿಯಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ, ಮನೆಗೆ ಬಂದಾಗ ಅಪ್ಪ ಗೋಡೆಗೆ ಒರಗಿಯೇ ಮಲಗುತ್ತಿದ್ದ, ಅಂಗಾತ ಮಲಗಿದರೆ ಉಸಿರು ಸಿಗದು, ಪಾಪಾ ಎನ್ನುವ ಮೆಕ್ಕೆಜೋಳದ ಮುದ್ದೆಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಎರಡು ತುತ್ತಿನ ನಡುವೆ ಬೆಟ್ಟ ಹತ್ತಿದವನಂತೆ ಸುಧಾರಿಸಿಕೊಳ್ಳುತ್ತಿದ್ದ, ಆಮೇಲೆ ಅವಳ ಪುಸ್ತಕ ತರಿಸಿಕೊಂಡು, ಓದು ನೋಡೋಣ ಇಂಗ್ಲಿಷು, ಎಲ್ಲರಿಗೂ ಕೇಳೋ ಹಾಗೆ ಓದು, ನನ್ನ ಮಗಳು ಓದ್ತಾಳೆ. ಬಿಟ್ಟಿದ್ದು ಎಂಬ ಖಾನೆಗೆ ಇಳಿ, ಒಂದೇ ಪುಟ, ಮನೆಗೆ ಕಳಿಸಲಾಗಿದೆ, ಅದರ ಕೆಳಗೆ ಏನೂ ಇಲ್ಲ, ಸುರಂಗ ಕಲ್ಲಿಗೆ ಬಂದು ನಿಂತ ಹಾಗೆ. ಅವಳು ಎದ್ದು ಕೇಳಬೇಕಿಲ್ಲ, ದಿಸೆಬೋ ಅಲ್ಲಿಂದಲೇ ಹೇಳಿದಳು, ಸಿಗ್ದೇ ಇದ್ರೆ ಇತರೆಗೆ ಹೋಗು, ಗುಡಿಸಿ ಮಿಕ್ಕಿದ್ದೆಲ್ಲ ಅಲ್ಲೇ ಸುರಿದಿರೋದು. ಇತರೆ, ಎಲ್ಲಕ್ಕಿಂತ ಕೆಳಗಿನ ಖಾನೆ, ಅಲ್ಲಿ ವರ್ಷವಿಲ್ಲ, ಬಾವಿಯಿಲ್ಲ, ಬೂಟಿನ ರಸೀದಿ, ಹರಿದ ಲಕೋಟೆ, ಅಪ್ಪನ ನಂಬರು ಕೊಟ್ಟು ಜಾಲಿಸಿದರೆ ಎರಡೇ ಪುಟ ಉಳಿಯುತ್ತವೆ. ಮೊದಲನೆಯದು ನಗರದ ವೈದ್ಯರ ವರದಿ, ಎರಡೂ ಪುಪ್ಪುಸ ಗಟ್ಟಿಯಾಗಿವೆ, ಒಳಗೆಲ್ಲ ಕಲ್ಲಿನ ಧೂಳು, ಕತ್ತರಿಸುವಾಗ ಚಾಕು ಕಿರುಗುಟ್ಟಿತು ಎಂದು ಬರೆದಿದ್ದಾರೆ, ಹಾಗೂ ಬರೆಯುತ್ತಾರೆಯೇ, ಅಂದರೆ ಅಪ್ಪ ಸತ್ತದ್ದು ಅಮ್ಮ ಕುಡಿಸಿದ ಬೇರಿನ ಕಷಾಯದಿಂದ ಅಲ್ಲ, ಅತ್ತೆಯರು ಆಡಿಕೊಂಡಂತೆ ಅಲ್ಲ, ಧೂಳಿನಿಂದ, ನಿರಾಳವಾಗಿ ಉಸಿರು ಬಿಟ್ಟಳು ಲಿಪುವೋ, ಆಮೇಲೆ ಕೊನೆಯ ಸಾಲು, ಮನೆಯವರ ಇಚ್ಛೆಯಂತೆ ಹಿಂದಿರುಗಿಸಿಲ್ಲ, ಸುಡಲಾಗಿದೆ. ಮನೆಯವರ ಇಚ್ಛೆ. ಯಾವ ಮನೆಯವರು. ಎರಡನೆಯ ಪುಟ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ, ಇಂಗ್ಲಿಷಿನ ಉದ್ದುದ್ದ ಸಾಲು, ಅಮ್ಮನ ಹೆಬ್ಬೆಟ್ಟು, ನೀಲಿ, ಒಂದಿಷ್ಟು ಜಾರಿದ್ದು, ಅದರ ಮೇಲೆ ಎರಡು ಚೌಕ, ಪರೀಕ್ಷೆ ಮುಗಿದ ಮೇಲೆ ಅಂಗಗಳನ್ನು ಮಣ್ಣು ಮಾಡಲು ಕುಟುಂಬದವರಿಗೆ ಹಿಂದಿರುಗಿಸಬೇಕು ಎಂದು ಒಂದು, ಬೇಕಾಗಿಲ್ಲ ಎಂದು ಇನ್ನೊಂದು, ಆ ಎರಡನೆಯ ಚೌಕದಲ್ಲಿ ಒಂದು ಟಿಕ್ಕು, ಬಾಲ ಉದ್ದಕ್ಕೆ ಚೌಕ ದಾಟಿ ಮೇಲಕ್ಕೆ ಹೋಗಿದೆ, ಮೇಷ್ಟ್ರು ಕಲಿಸಿದ ಹಾಗೆ. ಓದಿ ಹೇಳಿದವರು ಎಂಬಲ್ಲಿ ಗುಂಡಗಿನ ಅಕ್ಷರ, ಲಿಪುವೋ, ತರಗತಿ ಏಳು.

ತರಗತಿಯನ್ನೂ ಬರೆದಿದ್ದಳು. ಶವಾಗಾರದ ಮೊಗಸಾಲೆ, ಪುಪ್ಪುಸ ಒಯ್ಯಲು ಗಡಿಯಾಚೆಯಿಂದ ವ್ಯಾನಿನಲ್ಲಿ ಬಂದಿದ್ದ ಕೋಟು ಹಾಕಿದವನ ಪೆನ್ನು ಕಾಗದದ ಮೇಲೆ ಕುಟ್ಟುತ್ತಿತ್ತು, ಅವನಿಗೆ ಗಡಿ ಮುಚ್ಚುವುದರೊಳಗೆ ಹೊರಡಬೇಕಿತ್ತು, ಇಂಗ್ಲಿಷ್ ಓದ್ತೀಯಾ ಮರಿ, ಅಮ್ಮ ಅವಳ ಬದಲು ಹೇಳಿದಳು, ಓದ್ತಾಳೆ ಸ್ವಾಮಿ, ಕ್ಲಾಸಿಗೇ ಮೊದಲು. ಅರ್ಥವಾಗಲಿಲ್ಲ ಎಂದು ಅನ್ನಲು ಬಾಯಿ ಬರಲಿಲ್ಲ, ಅಪ್ಪ ಒಳಗೆ ಮಲಗಿದ್ದ, ಕೇಳಿಸಿಕೊಳ್ಳುತ್ತಾನೆ ಅನ್ನಿಸಿತ್ತು, ಮೇಲಿನ ಸಾಲು ಉದ್ದ, ಅರ್ಧಕ್ಕೇ ಸಿಕ್ಕಿಹಾಕಿಕೊಂಡಳು, ಕೆಳಗಿನದು ಚಿಕ್ಕದು, ಅದನ್ನು ಕೊನೆಯವರೆಗೂ ಓದಲು ಆಯಿತು, ಓದಲು ಆಯಿತಲ್ಲ ಎಂದು ಅದಕ್ಕೇ ಟಿಕ್ಕು ಹಾಕಿದಳು, ಅಮ್ಮನಿಗೆ ಹೇಳಿದಳು, ಅಪ್ಪನ್ನ ಮನೆಗೆ ಕರ್ಕೊಂಡು ಹೋಗೋಕೆ ಕಾಗದ ಅಮ್ಮ, ಒತ್ತು. ಒತ್ತಿದಳು ಅಮ್ಮ. ಅಮ್ಮ ಆಮೇಲೆ ಕಂಬಳಿಗೆ ಬೆರಳು ಒರೆಸಿಕೊಂಡಳು, ಆ ನೀಲಿ ಇನ್ನೂ ಕಂಬಳಿಯ ತುದಿಯಲ್ಲಿದೆ, ಅವಳು ಸರಿಮಾಡಿಕೊಳ್ಳುವ ತುದಿಯಲ್ಲೇ. ಮಣ್ಣು ಮಾಡಿ ಬಂದ ಮಧ್ಯಾಹ್ನ ಅಜ್ಜಿ ಕೇಳಿದ್ದಳಲ್ಲ, ಅದನ್ನು ಹೇಗೆ ಮರೆತಳು, ಮರೆತಳೋ ಮರೆಯಬೇಕು ಎಂದು ಮರೆತಳೋ, ಆ ಕಾಗದದಲ್ಲಿ ಏನಿದೆ ಅಂತ ನಿಂಗೆ ಯಾರೇ ಓದಿ ಹೇಳಿದ್ದು, ಅಮ್ಮ ತಲೆ ಎತ್ತದೆ ಪಾಪಾ ಬಡಿಸುತ್ತಿದ್ದಳು, ಯಾರೂ ಓದ್ಲಿಲ್ಲ, ನಾನೇ ಒತ್ತಿದೆ, ಹೆಬ್ಬೆಟ್ಟು ನಂದಲ್ವಾ, ಎಂದು ಲಿಪುವೋಳ ತಟ್ಟೆಗೆ ಇನ್ನೊಂದು ಸೌಟು ಹೆಚ್ಚು ಹಾಕಿದಳು. ಹನ್ನೊಂದು ವರ್ಷ ಅದೇ ಮಾತು. ಮಗಳೇ ಹುಡುಕಿಕೊಡುತ್ತೇನೆ ಎಂದಾಗ ಕೂಡ, ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಮೊಹಾಪಿಯ ಹೆಸರಿಗಲ್ಲ. ಪರದೆಯ ಬಲಕ್ಕೆ ಎರಡು ಗುಂಡಿಗಳಿವೆ, ಖಾಲಿ ಪುಟ ಎಂದು ಒಂದು, ಅದನ್ನು ಒತ್ತಿದರೆ ಸಂಜೆಯೊಳಗೆ ಪುಟ ಇಲ್ಲವಾಗುತ್ತದೆ, ಖಾಲಿ ಪುಟಗಳನ್ನು ಯಾರೂ ತಿರುಗಿ ನೋಡುವುದಿಲ್ಲ, ದಿನಕ್ಕೆ ಎಷ್ಟು ಒತ್ತುತ್ತಾಳೆ, ವರದಿ ಉಳಿಯುತ್ತದೆ, ಧೂಳು ಉಳಿಯುತ್ತದೆ, ಅಜ್ಜಿಗೆ ಅದನ್ನು ತೋರಿಸಬಹುದು, ಅಮ್ಮನ ಕಷಾಯದ ಮೇಲಿನ ಮಾತು ಅಳಿಯುತ್ತದೆ, ಹೆಬ್ಬೆಟ್ಟು ಮಾತ್ರ ಅಮ್ಮನದೇ ಆಗಿ ಉಳಿಯುತ್ತದೆ, ಅಮ್ಮ ಅದಕ್ಕೆ ಒಪ್ಪಿಯೇ ಇದ್ದಾಳಲ್ಲ. ಒತ್ತಿದಳು. ಖಚಿತವೇ, ಎಂದು ಪರದೆ ಕೇಳಿತು. ಆ ದಿನ ಯಾರೂ ಕೇಳಿರಲಿಲ್ಲ ಹಾಗೆ. ಅಲ್ಲ, ಎಂದು ಒತ್ತಿದಳು, ಆಮೇಲೆ ಇನ್ನೊಂದು ಗುಂಡಿ, ಮುದ್ರಿಸು, ಎರಡೂ ಪುಟ, ಕೋಣೆಯ ಆ ತುದಿಯಲ್ಲಿ ಪ್ರಿಂಟರು ಎಚ್ಚರವಾಯಿತು, ಸಿಕ್ಕಿದನಾ, ಎಂದಳು ದಿಸೆಬೋ, ಕಾಗದಕ್ಕೆ ಕೈಚಾಚುತ್ತ, ಓದುತ್ತಾಳೆ ಅವಳು, ಎಲ್ಲವನ್ನೂ ಓದುವವಳು, ಓದಲಿ, ಶನಿವಾರ ಅಜ್ಜಿಯ ಎದುರು ತಾನೇ ಓದಬೇಕು, ಎಲ್ಲರಿಗೂ ಕೇಳೋ ಹಾಗೆ, ಉದ್ದದ ಸಾಲನ್ನೂ, ಪ್ರಿಂಟರಿನೊಳಗೆ ಏನೋ ಸರಿಯಾಗಿ ಕೂತಿಲ್ಲ, ಟಕ್ ಟಕ್ ಅನ್ನುತ್ತದೆ, ಕೋಟಿನವನ ವ್ಯಾನಿನ ಹಿಂಬದಿ, ಕಲ್ಲುದಾರಿ, ಗಡಿಯ ಕಡೆ ಹೋಗುತ್ತಿದೆ, ಟಕ್ ಟಕ್, ಅವಳು ಅಮ್ಮನ ಕೈ ಹಿಡಿದು ನೋಡುತ್ತ ನಿಂತಿದ್ದಾಳೆ, ಸುಣ್ಣ ಚೆಲ್ಲುತ್ತದೆ ಅಂದುಕೊಳ್ಳುತ್ತಿದ್ದಾಳೆ, ಸುಣ್ಣವಲ್ಲ, ಅಪ್ಪನ ಎದೆ, ಬಿಳಿ ಬಕೆಟ್ಟು, ತಂತಿಯ ಹಿಡಿ, ಸರಿಯಾಗಿ ಕೂರದ ಮುಚ್ಚಳ, ಆ ಮುಚ್ಚಳ —