ಅಂಚಿನ ಸಾಲಿನ ತಿಗಣೆ

ರಸ್ತೆಯಲ್ಲಿ ಯಾರದಾದರೂ ಔಷಧಿ ಹೊಡೆಯುವ ಯಂತ್ರ ಹೋಯಿತೋ, ನನ್ನ ಗಂಡ ಆರ್ಲಿಂದೋಗೆ ಕೂತಲ್ಲಿ ಕೂರಲಾಗುವುದಿಲ್ಲ. ನಮ್ಮ ಪರಾನಾ ಸೀಮೆಯ ಸೋಯಾ ಬೆಳೆಯುವ ಗಂಡಸರಿಗೆಲ್ಲ ಇದೇ ರೋಗ. ನೆರೆಯವನು ಹೊಡೆದನೆಂದರೆ ತಾನೂ ಹೊಡೆಯಬೇಕು.

ಪಕ್ಕದ ಹೊಲದ ದೋನಾ ಎಲ್ವೀರಾ (ದೋನಾ ಅಂದರೆ ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ) ಜೇನು ಸಾಕಿದವರು, ವಿಷ ಮುಟ್ಟುವುದಿಲ್ಲ. ಕಾಯಿಯ ರಸ ಹೀರುವ ತಿಗಣೆಗಳಿಂದ ಈ ಸಲ ಅವರ ಬೆಳೆ ಉಳಿಯಬೇಕಾದರೆ ಅವರು ಹೊಲಕ್ಕೆ ತಂದು ಬಿಟ್ಟ ಪುಟ್ಟ ಕಣಜಗಳೇ ಗತಿ.

"ಈ ಕಣಜಗಳು ತಿಗಣೆ ಮೊಟ್ಟೆ ಒಳಗೇ ತಮ್ಮ ಮೊಟ್ಟೆ ಇಟ್ಟು ಅವನ್ನ ಮುಗಿಸಿಬಿಡ್ತವೆ ಮಗಳೇ. ಅವಕ್ಕೆ ನಿನ್ನ ಹೊಲ, ನನ್ನ ಹೊಲ ಅಂತ ಗೊತ್ತಾಗಲ್ಲ. ಹೊಡೆಯೋ ಮುಂಚೆ ಹೊಲದ ನಡುವೆ ಬಟ್ಟೆ ಹಾಸಿ, ಗಿಡ ಬಡಿದು ಎಷ್ಟು ತಿಗಣೆ ಉದುರ್ತವೆ ನೋಡಿ. ಕಮ್ಮಿ ಇದ್ರೆ ಹೊಡೀಬೇಡಿ," ಎಂದು ಬೇಡಿಕೊಂಡಿದ್ದರು. ನಾನು ಮಾತು ಕೊಟ್ಟಿದ್ದೆ.

ಆರ್ಲಿಂದೋ ಬಿಳಿ ಬಟ್ಟೆ ಹಾಸಿದ್ದು ರಸ್ತೆ ಪಕ್ಕದ ಸಾಲಿನಲ್ಲಿ. ಗಿಡ ಬಡಿದದ್ದೇ ತಡ, ತಿಗಣೆಗಳು ದಬದಬ ಉದುರಿದವು.

"ನೋಡೇ, ಹೊಲಾನೇ ಹೋಯ್ತು!"

"ಅಂಚಲ್ಲಿ ಯಾವಾಗ್ಲೂ ಇರ್ತವೆ ಕಣ್ರೀ. ನಡುವೆ ಹೋಗಿ ನೋಡಿ."

"ಈ ಬಿಸಿಲಲ್ಲಿ ನಿಮ್ಮಪ್ಪ ಹೋಗ್ತಾನಾ?"

ನಾನು ಬಟ್ಟೆ ಕೊಡವಿ ಮಡಚಿಕೊಂಡು ಮನೆಗೆ ಬಂದೆ. ಥೂ, ನನ್ನ ಬಾಯಿಗೆ ಏನಾಗಿತ್ತೋ! ಎಲ್ವೀರಾ ಪೇಟೆಗೆ ಹೋದ ದಿನ ನೋಡಿ ಅವನು ಹೊಡೆದೇಬಿಟ್ಟ.

ಭಾನುವಾರ ಚರ್ಚ್ ಮುಗಿಸಿಕೊಂಡು ಎಲ್ವೀರಾ ಬಿಸಿಬಿಸಿ ಜೋಳದ ಹಿಟ್ಟಿನ ಕೇಕು ಹಿಡಿದು ಬಂದರು.

"ಊರಲ್ಲಿ ನನ್ನ ಮಾತು ಕೇಳಿದ್ದು ನೀವೊಬ್ರೇ. ತಗೊಳ್ಳಿ, ತಿನ್ನಿ!"

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನನಗೆ ಒಂದು ಚೂರೂ ಇಳಿಯಲಿಲ್ಲ. ಈ ಮಹಾನುಭಾವ ಎರಡನೇ ತುಂಡಿಗೆ ಕೈ ಹಾಕಿದ್ದ.

"ಬನ್ನಿ, ನಿಮ್ಮ ಹೊಲದಲ್ಲಿ ಕಣಜ ಹೇಗಿದಾವೆ ನೋಡೋಣ," ಎಂದರು ಎಲ್ವೀರಾ.

"ಈಗ ಬೇಡ ದೋನಾ, ಬಿಸಿಲು..." ಎಂದ ಆರ್ಲಿಂದೋ.

ಅವರು ಆಗಲೇ ಬಟ್ಟೆ ಎತ್ತಿಕೊಂಡು ಹೊರಟಿದ್ದರು. ನಾವಿಬ್ಬರೂ ಕಳ್ಳರ ಹಾಗೆ ಹಿಂದೆ ನಡೆದೆವು. ಹೊಲದ ನಡುವೆ ಅವರು ಗಿಡ ಬಡಿದರು. ಉದುರಿದ್ದು ಕಾಲು ಮೇಲೆ ಮಾಡಿ ಸತ್ತ ಒಂದೆರಡು ತಿಗಣೆ. ಅವುಗಳ ಸುತ್ತ, ಸಾಸಿವೆಗಿಂತ ಸಣ್ಣಗೆ, ಕರ್ರಗೆ, ಕಣಜಗಳು. ಒಂದೂ ಅಲುಗಲಿಲ್ಲ.

ಎಲ್ವೀರಾ ಕನ್ನಡಕ ಏರಿಸಿಕೊಂಡು ಬಗ್ಗಿ, ಬೆರಳ ತುದಿಯಿಂದ ಒಂದೊಂದೇ ಕಣಜ ಹೊರಳಿಸಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬೆಳಿಗ್ಗೆ ಚರ್ಚಲ್ಲಿ ಎಲ್ರ ಮುಂದೆ ನಿನ್ನ ಹೆಸರು ಹೇಳಿ ಹೊಗಳಿದೆ ಮಗಳೇ," ಎಂದರು. "ಈಗ ಅವರಿಗೆ ಏನಂತ ಹೇಳ್ಲಿ?"

"ನೀವೇನೂ ಹೇಳ್ಬೇಡಿ ದೋನಾ," ಎಂದೆ. "ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು ನಾವೇ ಹೇಳ್ತೀವಿ."

ಆರ್ಲಿಂದೋ ಮೀಸೆಗೆ ಅಂಟಿದ ಕೇಕಿನ ಪುಡಿ ಒರೆಸಿಕೊಂಡು ನೆಲ ನೋಡುತ್ತ ನಿಂತ.