ಅವಳು ಬಿಟ್ಟ ಮಾತು

ಅಂಗೈ ಗಿಟಾರಿನ ತಂತಿಗಳ ಮೇಲೆ ಚಪ್ಪಟೆಯಾಗಿ ಕೂತಿತು, ಮೋಕ್ಷಿತಾಳ ಅಂಗೈ, ಹಿಂದೆ ಡ್ರಮ್ಮೂ ನಿಂತಿತು, ತ್ರಾಸಿ ದಡದ ಸಂಜೆಬಿಸಿಲು ಇನ್ನೂ ಸುಡುತ್ತಿದೆ, ಯಾರೋ ಹಿಂದಿನಿಂದ ನನ್ನ ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ, ಯಾರೆಂದು ಈಗ ತಿರುಗಿ ನೋಡಲಾರೆ, ಹಾಡು ಸಾಲಿನ ತುದಿಯಲ್ಲಿ ನಿಂತಿದೆ, ಅಪ್ಪಯ್ಯನ್ ಹೆಜ್ಜಿ ಹೊಯ್ಗಿ ಮೇಲಿತ್ತ್, ಅಳ್ಸುಕ್ ಬಂದದ್ದ್ — ಅಷ್ಟೇ, ಉಳಿದ ಒಂದು ಮಾತನ್ನು ದಡದಲ್ಲಿ ಕೂತವರು ಹೇಳಬೇಕು, ಹೇಳದಿದ್ದರೆ ಹಾಡು ಇಲ್ಲಿಗೇ ಮುಗಿಯಿತು ಎಂದಿದ್ದಾಳೆ ಹುಡುಗಿ. ಎಂಟು ವರ್ಷದ ಹಿಂದೆ, ಕುಂದಾಪುರದಲ್ಲಿ ನಾನು ಕನ್ನಡ ಪಾಠ ಮಾಡಿದ ಕೊನೆಯ ವರ್ಷ, ಇವಳು ಬರೆದ ಇದೇ ಪದ್ಯ ಕಾಲೇಜಿನ ಸಂಚಿಕೆಗೆ ಬಂದಿತ್ತು, ಪ್ರತಿ ಸಾಲಿನ ಕೊನೆ ಬರೆಯಲು ಮರೆತಿದ್ದಾಳೆ ಎಂದುಕೊಂಡು ಕೆಂಪು ಶಾಯಿಯಲ್ಲಿ ನಾನೇ ತುಂಬಿದೆ, ಮರಳ ಮೇಲಿನ ಅಪ್ಪನ ಹೆಜ್ಜೆ ಅಳಿಸಲು ಬಂದದ್ದು ಅಲೆ, ಎಷ್ಟು ಚಂದ ಕೂತಿತೆಂದು ಹಿಗ್ಗಿದೆ, ಅಚ್ಚೂ ಆಯಿತು. ಅವಳ ತಾಯಿ ಜಲಜ ನಮ್ಮ ಜಗಲಿಯಲ್ಲಿ ಮೀನಿನ ಬುಟ್ಟಿ ಇಳಿಸಿ, ಎರಡು ಬಂಗುಡೆ ಹೆಚ್ಚಿಗೆ ಹಾಕಿ, ಮೆಲ್ಲಗೆ, ಮೇಡಂ, ಅದ್ ಮರ್ತದ್ದಲ್ಲ, ಬಿಟ್ಟದ್ದ್, ಮೀನಿನ್ ಬಲಿ ಎಳೂವತಿಗೆ ಮುಂದ್ ನಿಂತವ ಪದ ಪೂರ್ತಿ ಹೇಳುಕಾಗ, ಹಗ್ಗ ಹಿಡ್ದವ್ರ್ ಹೇಳ್ಕ್, ಹೇಳ್ದ್ರೇ ಕೈಗ್ ಬಲ ಬಪ್ದ್, ನೀವ್ ಯಾವತ್ತಾರೂ ಬಲಿ ಎಳ್ದಿದ್ರ್ಯಾ? ಎಂದು ನಕ್ಕಳು, ಎಂ.ಎ. ಮಾಡಿದ ನಾನು ಬಂಗುಡೆ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಕುಂದಾಪುರದ ಸಭಾಂಗಣದಲ್ಲಿ ಮೋಕ್ಷಿತಾ ನನ್ನ ಮುಖ ನೋಡಿ ನನ್ನ ಅಲೆಯನ್ನೇ ಸೇರಿಸಿ ಹಾಡಿದ್ದಳು, ಜನ ಚಪ್ಪಾಳೆ ತಟ್ಟಿದರು, ಜೊತೆಗೆ ಹಾಡಲು ಒಬ್ಬರೂ ಬಾಯಿ ಬಿಡಲಿಲ್ಲ. ಇವತ್ತು ವೇದಿಕೆ ಹತ್ತುವ ಮೊದಲು, ನಿಮ್ಮ್ ಅಲೆ ಹಾಕುದಿಲ್ಲ ಮೇಡಂ, ಬೇಜಾರಾ? ಎಂದಳು, ಹೋಗ್ ಮಾರಾಯ್ತಿ, ಅದನ್ನ್ ನಾನೇ ಹೊಡ್ದ್ ಹಾಕಿಯಾಯ್ತ್ ಅಂದೆ. ಆ ಒಂದು ಖಾಲಿ ಜಾಗಕ್ಕಾಗಿ ಎಷ್ಟು ದುಡಿದಿದ್ದಾಳೆ, ಸಾಲನ್ನು ಒರೆಸಿ ಒರೆಸಿ ಬೆರಳೆಣಿಕೆಯ ಮಾತಿಗೆ ಇಳಿಸಿದಳು, ಗಿಟಾರನ್ನು ಒದ್ದೆ ಹಗ್ಗ ಎಳೆದಂತೆ ಒಂದು ಉಸಿರು ತಡೆದು ಬಾರಿಸುತ್ತಾಳೆ, ನಾನು ಕಲಿಸಿದ ಯಾವ ಛಂದಸ್ಸಿನಲ್ಲೂ ಆ ತಡೆ ಇಲ್ಲ, ನನ್ನ ವಿದ್ಯಾರ್ಥಿನಿ ಎಂದು ಮುಂದೆ ಕೂತವರಿಗೆ ಎರಡು ಸಲ ಹೇಳಿಬಿಟ್ಟೆ — ಆದರೆ ಯಾಕೆ ಯಾರೂ ಹೇಳುವುದಿಲ್ಲ, ಅಂಗೈ ತಂತಿಯ ಮೇಲೇ ಇದೆ, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವ ಚಂದಯ್ಯ ಬಾಯಿ ತೆರೆದು ಮುಚ್ಚಿದ, ಅವನಿಗೆ ಗೊತ್ತು, ಎಲ್ಲರಿಗೂ ಗೊತ್ತು, ಎಲ್ಲರೂ ನನ್ನ ಪಕ್ಕಕ್ಕೆ ನೋಡುತ್ತಿದ್ದಾರೆ, ಅಲ್ಲಿ ಕೂತ ಜಲಜಳನ್ನು. ತೊಂಬತ್ತೇಳರಲ್ಲಿ ದೋಣಿ ಮಗುಚಿ ಅವಳ ಗಂಡ ಹೋದ ಮೇಲೆ ಅವಳೆದುರು ಅವನ ಸುದ್ದಿ ಬಂದರೆ ಕಡಲಿನ ಹೆಸರೆತ್ತುವುದಿಲ್ಲ ಈ ಜನ, ಕೆಲ್ಸಕ್ಕ್ ಹೋದವ ಬರ್ಲಿಲ್ಲ ಎನ್ನುತ್ತಾರೆ, ಹದಿನೈದು ವರ್ಷ ಹಾಗೆಯೇ ಕಾದಿದ್ದಾರೆ ಅವಳನ್ನು, ಹಾಡು ಬಿದ್ದರೂ ಸರಿ ಎಂದು ಈಗಲೂ ಕಾಯುತ್ತಿದ್ದಾರೆ — ಜಲಜ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬೀದಿಯಲ್ಲಿ ಮೀನು ಕೂಗುವ ಅದೇ ದನಿ, ಕಡ್ಲ್! ಹಿಂದೆಯೇ ಚಂದಯ್ಯ, ಕಡ್ಲ್, ಇಡೀ ದಡ, ಕಡ್ಲ್, ನನ್ನ ಗಂಟಲೂ, ತಲೆಯ ಮೇಲಿನ ಕೊಡೆ ಅಲ್ಲಾಡುತ್ತಿದೆ, ಹುಡುಗೀ ಬಾರಿಸು, ಬಾರಿಸು, ಅವಳು ಅಮ್ಮನನ್ನೇ ನೋಡುತ್ತಿದ್ದಾಳೆ, ತಂತಿಯ ಮೇಲೆ ಕೈ, ಆ ಕೈ ಏಳುತ್ತಿದೆ —