ನಾಲ್ಕನೇ ಭಾಗ

ಸಹಲೇಖಕ ಸತ್ತರೆ ರಜೆ ಇಲ್ಲ. ಗಂಡ ಸತ್ತರೆ ಇದೆ, ತಂದೆತಾಯಿ ಸತ್ತರೆ ಇದೆ, ಅತ್ತೆಮಾವನ ಲೆಕ್ಕದಲ್ಲೂ ಒಂದೆರಡು ದಿನ ಕೊಡುತ್ತಾರೆ. ಆದರೆ ಇಪ್ಪತ್ತು ವರ್ಷ ಒಟ್ಟಿಗೆ ಕೂತು ಸಂಶೋಧನೆ ಬರೆದವನಿಗೆ ನಾನು, ನಮ್ಮ ಬಿಸಿನೆಸ್ ಸ್ಕೂಲಿನ ನಿಯಮದ ಪ್ರಕಾರ, ಏನೂ ಆಗಬೇಕಾಗಿಲ್ಲ. ಬೆಳಿಗ್ಗೆ ಅವನ ಅಂತ್ಯಕ್ರಿಯೆ ಮುಗಿಸಿ ಬಂದು ಮಧ್ಯಾಹ್ನ ಪಾಠ ಮಾಡಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ಅವನ ಮೇಲೆ ಹರಿಹಾಯ್ದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವನಿಗೆ ನಾನಿಟ್ಟ ಹೆಸರು ತಕರಾರಪ್ಪ. ಅವನು ಫೈನಾನ್ಸ್, ನಾನು ಆಪರೇಷನ್ಸ್, ಕಾರಿಡಾರಿನ ಆಚೆಗೊಂದು ಈಚೆಗೊಂದು ಕೋಣೆ. ಅಂಗಡಿಯವನು ಗೋದಾಮಿನಲ್ಲಿ ಎಷ್ಟು ಸರಕು ಇಟ್ಟುಕೊಳ್ಳಬೇಕು ಎನ್ನುವುದೇ ನಮ್ಮಿಬ್ಬರ ಜೀವಮಾನದ ಜಗಳ.

"ಅದು ಸರಕಲ್ಲ ಕಣೇ, ಮಲಗಿರೋ ದುಡ್ಡು," ಅನ್ನುತ್ತಿದ್ದ.

"ಕಪಾಟು ಖಾಲಿ ಇದ್ರೆ ದುಡ್ಡು ಎದ್ದು ಕೂರಲ್ಲ, ಗಿರಾಕಿ ಎದ್ದು ಪಕ್ಕದಂಗಡಿಗೆ ಹೋಗ್ತಾನೆ," ಅನ್ನುತ್ತಿದ್ದೆ.

ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಹಿಡಿದದ್ದಕ್ಕೆ ಅಷ್ಟೂ ಇರಲಿಲ್ಲ. ಆದ್ದರಿಂದ ಶುರುವಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದೆವು. ತಾನು ಬರೆದ ಸಾಲನ್ನು ತಾನೇ ಅಳಿಸುವ ಹಾಗಿಲ್ಲ. ಎದುರಿನವರು ಅಳಿಸಬೇಕು, ಅದೂ ಮುಖಾಮುಖಿ ವಾದ ಮಾಡಿ, ಗೆದ್ದ ಮೇಲೆ. ಹೀಗಾಗಿ ಒಂದೊಂದು ಲೇಖನಕ್ಕೂ ನಮಗೆ ವರ್ಷಗಟ್ಟಲೆ ಹಿಡಿಯುತ್ತಿತ್ತು, ಬಡ್ತಿಯಲ್ಲಿ ಇಬ್ಬರೂ ಎಲ್ಲರಿಗಿಂತ ಹಿಂದೆ ಬಿದ್ದೆವು. ನನಗೆ ಬೇರೆ ಗೆಳೆಯರು ಇರಲಿಲ್ಲ. ಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಅವನು ಹೋದ ಮೇಲೆ ಅವನ ಕೋಣೆಗೆ ಮಾರ್ಕೆಟಿಂಗ್‌ನ ಹೊಸ ಹುಡುಗಿ ಬಂದಳು. ಒಳ್ಳೆಯ ಹುಡುಗಿ. ಕಿಟಕಿಯಲ್ಲಿ ಎರಡು ಕುಂಡ ಇಟ್ಟುಕೊಂಡು, ದಿನಾ ನನ್ನನ್ನು ಕಂಡಾಗ "ನಮಸ್ತೆ ಮೇಡಂ" ಅನ್ನುತ್ತಾಳೆ. ನಾನು ಏನು ಹೇಳಿದರೂ "ಹೌದು ಮೇಡಂ" ಅನ್ನುತ್ತಾಳೆ. ನಾನು ಬಾಗಿಲು ಹಾಕಿಕೊಂಡು ಕೂರುವುದನ್ನು ಕಲಿತೆ.

ಅಷ್ಟರಲ್ಲಿ ನಮ್ಮ ಕೊನೆಯ ಲೇಖನ ಪತ್ರಿಕೆಯಿಂದ ವಾಪಸು ಬಂತು. ಅಂಥ ಲೇಖನಗಳನ್ನು ಹೆಸರು ಹೇಳದ ಇಬ್ಬರು ವಿಮರ್ಶಕರು ಓದಿ ತಪ್ಪು ಹುಡುಕುತ್ತಾರೆ. ಮೊದಲನೆಯವರು ಹೊಗಳಿದ್ದರು. ಎರಡನೆಯವರು ನಾಲ್ಕನೇ ಭಾಗವನ್ನು ಪೂರ್ತಿ ತೆಗೆಯಿರಿ ಎಂದಿದ್ದರು. ನಾಲ್ಕನೇ ಭಾಗ ಅವನದು. ಆಸ್ಪತ್ರೆಗೆ ಸೇರುವ ಹಿಂದಿನ ವಾರ ಬರೆದದ್ದು. ಕಡಿಮೆ ಸರಕು ಇಟ್ಟುಕೊಳ್ಳುವ ಸಣ್ಣ ಅಂಗಡಿಗಳೇ ಚೆನ್ನಾಗಿ ನಡೆಯುತ್ತವೆ ಎಂದು ಅಂಕಿಅಂಶ ಸಮೇತ ವಾದಿಸಿದ್ದ. ಹುಷಾರಾಗಿ ಬಂದ ಮೇಲೆ ಜಗಳ ಆಡೋಣವೆಂದು ಹಾಗೆಯೇ ಪತ್ರಿಕೆಗೆ ಕಳಿಸಿದ್ದೆ; ನಾನು ಜಗಳಕ್ಕೆ ಇಳಿಯುವ ಮೊದಲೇ ಹೋಗಿಬಿಟ್ಟ. ವಿಮರ್ಶಕರ ಪ್ರಶ್ನೆ ಒಂದೇ: ಇವತ್ತು ಬಾಗಿಲು ತೆರೆದಿರುವ ಅಂಗಡಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಲ್ಲ, ಮುಚ್ಚಿಹೋದವು ಎಲ್ಲಿ?

ನಿರ್ದೇಶಕರು ಲಿಫ್ಟಿನಲ್ಲಿ ಸಿಕ್ಕಾಗ, "ಕಿತ್ತಾಕಿ ಮೇಡಂ, ಪ್ರಕಟ ಆಗ್ಲಿ. ಅವರ ಹೆಸರಂತೂ ಇರುತ್ತಲ್ಲ," ಎಂದರು.

ಹೆಸರು ಕಟ್ಟಿಕೊಂಡು ನನಗೇನಾಗಬೇಕು? ಆ ನಾಲ್ಕು ಪುಟದಲ್ಲಿ ಅವನ ದನಿ ಇತ್ತು. ಪ್ರತಿ ಪ್ಯಾರಾದಲ್ಲೂ "ಕೆಲವರು ಹೀಗೆ ಅನ್ನಬಹುದು" ಎಂದು ಶುರುಮಾಡಿ ಆ ಕೆಲವರ ಮುಖಕ್ಕೆ ಮಂಗಳಾರತಿ ಮಾಡಿದ್ದ. ಆ ಕೆಲವರು ಎಂದರೆ ನಾನು. ಸತ್ತ ಮೇಲೂ ನನ್ನ ಜೊತೆ ಜಗಳ ಆಡುತ್ತಿದ್ದದ್ದು ಅದೊಂದೇ. ಅದನ್ನು ಉಳಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ವರ್ತಕರ ಸಂಘದ ಕಚೇರಿಗೆ ಅಲೆದು, ಬಾಗಿಲು ಹಾಕಿದ ಅಂಗಡಿಗಳ ವಿವರಗಳನ್ನು ಕಾಡಿಬೇಡಿ ತಂದೆ. ಅವನ್ನೂ ಸೇರಿಸಿ, ಅವನೇ ಸರಿ ಎಂದು ತೋರಿಸಿ, ಆ ಎರಡನೆಯ ವಿಮರ್ಶಕರ ಬಾಯಿ ಮುಚ್ಚಿಸುವುದು ನನ್ನ ಲೆಕ್ಕಾಚಾರ. ಲೆಕ್ಕ ತಿರುಗುಮುರುಗಾಯಿತು. ಕಡಿಮೆ ಸರಕು ಇಟ್ಟುಕೊಂಡವರಲ್ಲಿ ಬಹಳ ಜನ ಗಿರಾಕಿ ಕಳೆದುಕೊಂಡು ಮುಳುಗಿದ್ದರು. ಹೇಗೋ ಬಚಾವಾದವರನ್ನು ಮಾತ್ರ ನೋಡಿ ಅವನು ಶಹಬ್ಬಾಸ್ ಅಂದಿದ್ದ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇಬ್ಬರೂ ಬೈದು ಬೈದು ಹೇಳಿಕೊಡುತ್ತಿದ್ದ ತಪ್ಪು ಅದು. ಗೆದ್ದಿದ್ದೆ. ಇಪ್ಪತ್ತು ವರ್ಷದ ಜಗಳದಲ್ಲಿ ಇಷ್ಟು ನಿಚ್ಚಳವಾಗಿ ನಾನು ಯಾವತ್ತೂ ಗೆದ್ದಿರಲಿಲ್ಲ, ಹೇಳೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು, ಮಾಡಬಾರದ್ದಕ್ಕೆ ಕೈ ಹಾಕಿದೆ. ಅಂಕಿಅಂಶವನ್ನು ಸರಿಯಾಗಿ ಹಿಂಡಿದರೆ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತದೆ. ವ್ಯಾಪಾರ ತೀರಾ ನೆಲಕಚ್ಚಿದ ಒಂದು ವರ್ಷವನ್ನು ಬಿಟ್ಟರೆ ಸಾಕಿತ್ತು, ಅವನ ಮಾತು ಮತ್ತೆ ನಿಜವಾಗುತ್ತಿತ್ತು. ಬಿಡಲು ನೆಪವೂ ಸಿಕ್ಕಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿ, ಕೊನೆಗೆ ಅವನ ಹೆಂಡತಿಯ ಹತ್ತಿರ ಹೋದೆ. ಆಕೆ ಹಲ್ಲಿನ ಡಾಕ್ಟರು. ಊಟದ ಬಿಡುವಿನಲ್ಲಿ ಕೈಗವಸು ಕಳಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅವರು ಇದ್ದಿದ್ರೆ ಅವರನ್ನ ಸುಮ್ನೆ ಬಿಡ್ತಿದ್ರಾ ಅಕ್ಕ ನೀವು?"

"ಎಲ್ಲಿ ಬಿಡ್ತೀನಿ? ಜನ್ಮ ಜಾಲಾಡಿಬಿಡ್ತಿದ್ದೆ."

"ಹಾಗಿದ್ರೆ ಈಗ ಯಾಕೆ ಈ ದಾಕ್ಷಿಣ್ಯ? ಪ್ರತಿ ಸಂಜೆ ಮನೆಗೆ ಬಂದು ನಿಮ್ಮನ್ನ ಬಯ್ಕೊಂಡೇ ಊಟಕ್ಕೆ ಕೂರೋರು. 'ಅವಳೊಬ್ಬಳು ಸುಳ್ಳು ಹೊಗಳಲ್ಲ ನೋಡು' ಅನ್ನೋರು." ಆಕೆ ಸಿಂಕಿನ ಕಡೆ ತಿರುಗಿ ಬಹಳ ಹೊತ್ತು ಕೈ ತೊಳೆದಳು. "ನಂಗೂ ಆ ಬೈಗುಳ ಇಲ್ದೆ ಊಟ ಸೇರಲ್ಲ ಅಕ್ಕ."

ವಾಪಸು ಬಂದು ನಾಲ್ಕನೇ ಭಾಗವನ್ನು ಅಳಿಸಿದೆ. ವಿಮರ್ಶಕರಿಗೆ ಉತ್ತರ ಬರೆದೆ: "ನಿಮ್ಮ ಆಕ್ಷೇಪವನ್ನು ನಾವು ಒಪ್ಪುತ್ತೇವೆ." ಅವನು ಯಾವತ್ತೂ ಒಂದೇ ಸಲಕ್ಕೆ ಒಪ್ಪಿದವನಲ್ಲ. ಆದರೂ ನಮ್ಮ ಲೋಕದಲ್ಲಿ ಹಾಗೆಯೇ ಬರೆಯಬೇಕು.

ಕಳಿಸುವ ಮೊದಲು ಪತ್ರಿಕೆಯ ಜಾಲತಾಣ ಒಂದು ಕೊನೆಯ ಸಾಲು ತೋರಿಸಿತು. "ಈ ಪರಿಷ್ಕೃತ ಪ್ರತಿಯನ್ನು ಎಲ್ಲ ಲೇಖಕರೂ ಓದಿ ಒಪ್ಪಿದ್ದಾರೆ." ಪಕ್ಕದಲ್ಲಿ ಒಂದು ಚೌಕ. ಅದರಲ್ಲಿ ಟಿಕ್ ಹಾಕದೆ ಲೇಖನ ಮುಂದೆ ಹೋಗುವುದಿಲ್ಲ. ಸಾವಿರ ಸಲ ಕಣ್ಣು ಮುಚ್ಚಿಕೊಂಡು ಟಿಕ್ ಹಾಕಿದ ಚೌಕ ಅದು. ಒಬ್ಬ ಲೇಖಕ ಈಗಿಲ್ಲ ಎಂದು ಸಂಪಾದಕರಿಗೆ ಒಂದು ಸಾಲು ಬರೆದಿದ್ದರೆ ದಾರಿ ತೋರಿಸುತ್ತಿದ್ದರು. ನನಗೆ ಬೇಕಿದ್ದದ್ದು ಅವರ ಅನುಮತಿಯಲ್ಲ.

ಎದ್ದು ಬಾಗಿಲಿಗೆ ಚಿಲಕ ಹಾಕಿದೆ. ಇಡೀ ಲೇಖನವನ್ನು ಶುರುವಿನಿಂದ ಗಟ್ಟಿಯಾಗಿ ಓದತೊಡಗಿದೆ. ಅವನು ಕೊಕ್ಕೆ ಹಾಕಬಹುದಾದ ಕಡೆಯಲ್ಲೆಲ್ಲ ನಿಲ್ಲಿಸಿದೆ. ಗೋದಾಮಿನ ವ್ಯಾಖ್ಯೆಯ ಹತ್ತಿರ ನಿಂತೆ. ಗಿರಾಕಿಯ ಹತ್ತಿರ ನಿಂತೆ. ಮೂರನೇ ಭಾಗ ಮುಗಿದು ನೇರ ಐದನೆಯದಕ್ಕೆ ಹಾರುವಲ್ಲಿ ಬಹಳ ಹೊತ್ತು ನಿಂತೆ. ಕಾರಿಡಾರಿನಲ್ಲಿ ಯಾರೋ ನಡೆದುಹೋದರು. "ಮಾತಾಡೋ, ಪ್ಲೀಸ್," ಅಂದೆ. ಆಮೇಲೆ ಕೊನೆಯ ಸಾಲಿನವರೆಗೂ ಓದಿದೆ.

ಯಾರೂ ತಕರಾರು ಮಾಡಲಿಲ್ಲ. ಟಿಕ್ ಹಾಕಿದೆ.